ಬೂದಿಯೊಳಗಿನ ಹುಡುಗಿ ಯಾರ ಪೈಕಿ?

ಸಿಂಡ್ರೆಲಾ ಎಂಬ ಹುಡುಗಿ ಈಗ ನಮ್ಮ ಹೋಬಳಿ ಶಾಲೆಗಳ ಗೋಡೆಗೂ ಬಂದು ನಿಂತಿದ್ದಾಳೆ. ನೀಲಿ ಗೌನು, ಹೊಂಬಣ್ಣದ ಕೂದಲು, ಗಾಜಿನ ಚಪ್ಪಲಿ. ಇವಳು 1950ರ ಡಿಸ್ನಿ ಸಿನಿಮಾದವಳು. ಅದಕ್ಕೂ ಹಿಂದೆ 1697ರಲ್ಲಿ ಫ್ರಾನ್ಸಿನ ಪೆರೋ ಎಂಬ ಪಂಡಿತ ಬರೆದಿಟ್ಟವಳು. ಖಾಸಗಿ ಇಂಗ್ಲಿಷ್ ಶಾಲೆಯವರು ಬರೆಸಿದ ಚಿತ್ರವನ್ನು ನೋಡಿ ಸರ್ಕಾರಿ ಶಾಲೆಯವರೂ ಬರೆಸಿದ್ದಾರೆ. ಅದರ ಕೆಳಗೆ ನಮ್ಮ ಕೇರಿ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಚಾಪೆ ಮೇಲೆ ಕೂತು ಅಕ್ಷರ ತಿದ್ದುತ್ತವೆ.

ಇದನ್ನು ಕಂಡು ಬೇಸರಗೊಂಡ ಕೆಲವು ಪ್ರಗತಿಪರ ಮೇಷ್ಟ್ರುಗಳು ಒಂದು ಮಾತು ಹೇಳುತ್ತಾರೆ. ಈ ಬಿಳಿ ಹುಡುಗಿ ಒಬ್ಬಳೇ ಯಾಕೆ? ಇದೇ ಕಥೆ ಚೀನಾದಲ್ಲಿದೆ, ಆಫ್ರಿಕಾದಲ್ಲಿದೆ, ನಮ್ಮ ಕಿತ್ತೂರು ಕಡೆಯೂ ಇದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳಿಗೆ ಎಲ್ಲವನ್ನೂ ಹೇಳೋಣ, ಲೋಕ ದೊಡ್ಡದು ಅಂತ ಗೊತ್ತಾಗಲಿ. ಮಾತು ಒಳ್ಳೆಯದು. 1893ರಲ್ಲಿ ಮೇರಿಯನ್ ಕಾಕ್ಸ್ ಎಂಬ ಇಂಗ್ಲಿಷ್ ಹೆಂಗಸು ಈ ಒಂದು ಕಥೆಯ 345 ಪಾಠಗಳನ್ನು ಕೂಡಿಹಾಕಿದಳು ಅಂದಮೇಲೆ ಕಥೆಗೇನೂ ಬರವಿಲ್ಲ. ನಮ್ಮ ತಕರಾರು ಬೇರೆ. ಇಷ್ಟೆಲ್ಲ ದೇಶ ಸುತ್ತಿದ ಮೇಲೆ ಒಲೆ ಮುಂದೆ ಕೂತವಳು ಬದಲಾಗುತ್ತಾಳೋ ಅಥವಾ ಅವಳ ಸೀರೆ ಮಾತ್ರ ಬದಲಾಗುತ್ತದೋ?

ಈ ಪದ್ಧತಿ ಗಟ್ಟಿಯಾಗಿ ಬೆಳೆದದ್ದು ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ. ಅದು ಯಾರೋ ಪುಣ್ಯಾತ್ಮರು ಕನಸು ಕಂಡು ತಂದದ್ದಲ್ಲ, ಕರಿಯರ ಹೋರಾಟದ ಬೆನ್ನಿಗೆ ಬಂದದ್ದು. 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬಾಕೆ ಲೆಕ್ಕ ಹಾಕಿ ತೋರಿಸಿದಳು. ಅದರ ಹಿಂದಿನ ಮೂರು ವರ್ಷಗಳಲ್ಲಿ ಹೊರಬಂದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಪುಸ್ತಕಗಳಲ್ಲಿ ಒಬ್ಬ ಕರಿಯನಾದರೂ ಇದ್ದ ಪುಸ್ತಕ ನೂರಕ್ಕೆ 6.7 ಮಾತ್ರ. ಮಿಕ್ಕದ್ದೆಲ್ಲ ಬಿಳಿಯರ ಲೋಕ. ನಾಲ್ಕು ವರ್ಷದ ನಂತರ, 1969ರಲ್ಲಿ, ಜಾನ್ ಸ್ಟೆಪ್ಟೋ ಎಂಬ ಬ್ರೂಕ್ಲಿನ್ನಿನ ಕರಿಯ ಹುಡುಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ, 'ಸ್ಟೀವಿ' ಅಂತ ಒಂದು ಪುಟ್ಟ ಚಿತ್ರಪುಸ್ತಕ ತಂದ. ತನ್ನ ಬೀದಿಯ ಹುಡುಗರು ಆಡುವ ಮಾತಿನಲ್ಲೇ ಬರೆದ. ಶಾಲೆಯ ಇಂಗ್ಲಿಷಿಗೆ ತಲೆಬಾಗಲಿಲ್ಲ. ಕೇರಿ ಮಾತಲ್ಲಿ ಪದ್ಯ ಬರೆದು ಪಂಡಿತರಿಂದ ಉಗಿಸಿಕೊಂಡ ನಮಗೆ ಈ ಹುಡುಗ ದೂರದವನು ಅನ್ನಿಸುವುದಿಲ್ಲ. ಮುಂಬಯಿಯಲ್ಲಿ 1972ರಲ್ಲಿ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಎಲ್ಲಿಂದ ತಂದಿತು ಅಂತ ಈ ಪತ್ರಿಕೆಯ ಓದುಗರಿಗೆ ಹೇಳಿಕೊಡಬೇಕಾಗಿಲ್ಲ.

ಅದೇ ಸ್ಟೆಪ್ಟೋ 1987ರಲ್ಲಿ ಆಫ್ರಿಕಾದ ಒಂದು ಕಥೆ ಹಿಡಿದು 'ಮುಫಾರೋನ ಚೆಲುವೆ ಹೆಣ್ಣುಮಕ್ಕಳು' ಬರೆದ. ಚಿತ್ರಗಳಿಗೆ ಜಿಂಬಾಬ್ವೆಯ ಹಳೇ ಕಲ್ಲುಕೋಟೆಗಳ ಅವಶೇಷ ನೋಡಿದ. ನಿಮ್ಮ ಪೂರ್ವಿಕರು ಗುಡಿಸಲಲ್ಲಿದ್ದರು ಅಂತ ಪಾಠ ಕೇಳಿಸಿಕೊಂಡ ಮಕ್ಕಳಿಗೆ ಆ ಕಲ್ಲಿನ ಗೋಡೆಗಳು ಏನು ಹೇಳಿರಬಹುದು ಎಂಬುದು ನಮಗೆ ಗೊತ್ತಾಗುತ್ತದೆ. ಚೀನಾದ 'ಯೆ-ಶೆನ್' 1982ರಲ್ಲಿ ಬಂತು. ಅಮೆರಿಕದ ಮೂಲನಿವಾಸಿಗಳದ್ದು ಅಂತ ಹೇಳಿದ 'ಒರಟು ಮುಖದ ಹುಡುಗಿ' 1992ರಲ್ಲಿ. ನಡುವೆ 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ಕರಿಯ ವಿದ್ವಾಂಸೆ ಒಂದು ಉಪಮೆ ಕೊಟ್ಟಳು. ಮಗುವಿಗೆ ಪುಸ್ತಕ ಕಿಟಕಿಯೂ ಆಗಬೇಕು, ಕನ್ನಡಿಯೂ ಆಗಬೇಕು ಅಂತ. ಆ ಕನ್ನಡಿಯ ಹಸಿವು ನಿಜ. ನಮ್ಮ ಮನೆಯಲ್ಲಿ ಮೊದಲ ಸಲ ಡಿಗ್ರಿ ಓದಿದವರು ನಾವು. ಒಂದನೇ ಕ್ಲಾಸಿಂದ ಬಿ.ಎ.ವರೆಗೆ ನಮ್ಮ ಅವ್ವನಂಥ ಒಬ್ಬಳು ಪುಸ್ತಕದ ಚಿತ್ರದಲ್ಲಿ ಎದುರಾದ ನೆನಪು ನಮಗಿಲ್ಲ.

ಆದರೆ ಪುಸ್ತಕ ತರಗತಿಗೆ ಬಂದಮೇಲೆ ಏನಾಗುತ್ತದೆ ನೋಡಿ. ಮೇಷ್ಟ್ರು ಹಲಗೆ ಮೇಲೆ ಗೆರೆ ಎಳೆದು ಮನೆ ಮಾಡುತ್ತಾರೆ. ಯಾವ ದೇಶ? ಯಾವ ಉಡುಪು? ಸಹಾಯ ಮಾಡಿದವರು ಯಾರು, ಮೀನೋ ಕಿನ್ನರಿಯೋ? ಗುರುತು ಸಿಕ್ಕಿದ್ದು ಯಾವುದರಿಂದ? ಮಕ್ಕಳು ಮನೆ ತುಂಬುತ್ತವೆ. ಗಂಟೆ ಹೊಡೆಯುತ್ತದೆ. ಸಂಸ್ಕೃತಿ ಅಂದರೆ ಬಟ್ಟೆ ಮತ್ತು ಹಬ್ಬದೂಟ ಅಂತಾಯಿತು. ಒಲೆ ಮುಂದೆ ಕೂರಿಸಿದವರು ಯಾರು, ಯಾಕೆ ಕೂರಿಸಿದರು, ಅವಳು ಎದ್ದುಹೋದ ಮೇಲೆ ಆ ಮನೆಯ ಮುಸುರೆ ತಿಕ್ಕಿದವರು ಯಾರು ಎಂಬ ಮನೆ ಆ ಹಲಗೆಯ ಮೇಲೆ ಇರುವುದಿಲ್ಲ.

ಯೆ-ಶೆನ್ ಕಥೆಯನ್ನೇ ತೆಗೆದುಕೊಳ್ಳೋಣ. ಇದು ಒಂಬತ್ತನೇ ಶತಮಾನದಲ್ಲಿ ಡುವಾನ್ ಚೆಂಗ್‌ಷಿ ಎಂಬ ಚೀನೀ ಅಧಿಕಾರಿ ಬರೆದಿಟ್ಟ ಕಥೆ. ಕಾಗದದ ಮೇಲೆ ಪೂರ್ತಿಯಾಗಿ ಸಿಕ್ಕಿರುವ ಸಿಂಡ್ರೆಲಾ ಕಥೆಗಳಲ್ಲಿ ಇದು ಬಹಳ ಹಳೆಯದು, ಪೆರೋನಿಗಿಂತ ಎಂಟುನೂರು ವರ್ಷ ಹಿಂದಿನದು. ಬರೆದವನು ಪ್ರಾಮಾಣಿಕ. ಈ ಕಥೆ ತನಗೆ ಹೇಳಿದವನು ತನ್ನ ಮನೆಯಲ್ಲಿ ಆಳಾಗಿದ್ದ ಲಿ ಶಿಯುವಾನ್, ಅವನು ದಕ್ಷಿಣದ ಯೊಂಗ್‌ಝೌ ಗವಿಜನರವನು ಅಂತ ಹೆಸರು ಸಮೇತ ಬರೆದಿದ್ದಾನೆ. ಅಂದರೆ ಇದು ರಾಜಧಾನಿಯ ಚೀನಾದ ಕಥೆಯಲ್ಲ. ದಕ್ಷಿಣದ ಅಂಚಿನ, ಆಳುವವರು ಕಾಡುಜನ ಅಂತ ಕರೆದ ಮಂದಿಯ ಕಥೆ. ಬಾಯಿ ಆಳಿನದು, ಲೇಖನಿ ಧಣಿಯದು. ಈಗ ಅದು 'ಚೀನಾದ ಸಿಂಡ್ರೆಲಾ' ಎಂಬ ಒಂದೇ ಚೀಟಿ ಅಂಟಿಸಿಕೊಂಡು ಶಾಲೆಯ ಕಪಾಟಿನಲ್ಲಿ ಕೂತಿದೆ. ಆಳಿನ ಹೆಸರು ಎರಡನೇ ಸಲ ಅಳಿಸಿಹೋಯಿತು. ಮಕ್ಕಳಿಗೆ ಈ ಕಥೆ ಹೇಳುವ ಮೇಷ್ಟ್ರು, 'ಇದನ್ನ ಮೊದಲು ಹೇಳ್ದೋನು ಒಬ್ಬ ಆಳುಮಗ ಕಣ್ರಪ್ಪ' ಅಂತ ಒಂದು ಸಾಲು ಸೇರಿಸಿದರೆ ಎಷ್ಟು ಖರ್ಚಾಗುತ್ತದೆ?

ಕಥೆಯ ಒಳಗೂ ಆ ಬಾಯಿಯ ಗುರುತು ಇದೆ. ಮಲತಾಯಿ ಹುಡುಗಿಯನ್ನು ಕಡಿದಾದ ಜಾಗಕ್ಕೆ ಸೌದೆಗೆ, ಆಳದ ನೀರಿಗೆ ಅಟ್ಟುತ್ತಾಳೆ. ಹುಡುಗಿ ಸಾಕಿದ ಮೀನನ್ನು ಕೊಂದು ತಿಂದು ಮೂಳೆಗಳನ್ನು ತಿಪ್ಪೆಯಲ್ಲಿ ಮುಚ್ಚುತ್ತಾಳೆ. ಆಗ ಆಕಾಶದಿಂದ ಇಳಿದವನು ಕಿರೀಟದ ದೇವರಲ್ಲ. ಕೆದರಿದ ತಲೆಯ, ಒರಟು ಬಟ್ಟೆಯ ಒಬ್ಬ ಮನುಷ್ಯ. ಮೂಳೆ ಎಲ್ಲಿವೆ ಅಂತ ತೋರಿಸುತ್ತಾನೆ. ಹುಡುಗಿಗೆ ಬೇಕಾದದ್ದೆಲ್ಲ ತಿಪ್ಪೆಯ ಮೂಳೆಯಿಂದ ಬರುತ್ತದೆ. ಕೊನೆಗೆ ಅವಳನ್ನು ಮದುವೆಯಾದ ರಾಜ ದುರಾಸೆಗೆ ಬಿದ್ದು ಮೂಳೆಗಳನ್ನು ಬೇಡೀ ಬೇಡೀ ಒಂದು ವರ್ಷಕ್ಕೆ ಅವು ಕೊಡುವುದನ್ನೇ ನಿಲ್ಲಿಸುತ್ತವೆ. ಆಳಿನ ಕಣ್ಣಿಗೆ ರಾಜ ಹಾಗೆಯೇ ಕಾಣುವುದು. ನಾವಾದರೆ ಈ ಕಥೆಯನ್ನು ಮದುವೆಗೆ ನಿಲ್ಲಿಸದೆ ರಾಜನ ದುರಾಸೆವರೆಗೂ ಹೇಳುತ್ತಿದ್ದೆವು.

ಅಮೆರಿಕದ ಮೂಲನಿವಾಸಿಗಳ ಹುಡುಗಿಯದು ಇನ್ನೊಂದು ಪಾಡು. ಮಿಕ್‌ಮಾಕ್ ಎಂಬ ಅಟ್ಲಾಂಟಿಕ್ ದಡದ ಜನರ ಕಥೆಯೆಂದು ಚಾರ್ಲ್ಸ್ ಲೆಲ್ಯಾಂಡ್ 1884ರಲ್ಲಿ ಅಚ್ಚು ಹಾಕಿದ್ದು ಮಕ್ಕಳ ಪುಸ್ತಕದಲ್ಲಿ ದೂರದ ಒಂಟಾರಿಯೋ ಸರೋವರದ ದಡಕ್ಕೆ ಬಂದಿದೆ. ಮಲೆನಾಡಿನ ಕಥೆಯನ್ನು ಮರಾಠವಾಡದಲ್ಲಿ ನಡೆಯಿತು ಅಂದಹಾಗೆ. ಎಲ್ಲಾ ಇಂಡಿಯನ್ನರೂ ಒಂದೇ ತಾನೆ ಎಂಬ ಉಡಾಫೆ ಇಲ್ಲದೆ ಇಂಥದ್ದು ಆಗುವುದಿಲ್ಲ. ಆ ಹುಡುಗಿಯ ಮುಖ ಬೆಂಕಿಯ ಕಿಡಿ ಸಿಡಿದು ಸುಟ್ಟಿದೆ. ಯಾರಿಗೂ ಕಾಣದವನು ಅವಳ ಕಣ್ಣಿಗೆ ಮಾತ್ರ ಕಾಣುತ್ತಾನೆ. ಇದು ನಿಜಕ್ಕೂ ದೊಡ್ಡ ಕಲ್ಪನೆ. ಆಮೇಲೇನು? ಸ್ನಾನ ಮಾಡಿದ ಮೇಲೆ ಸುಟ್ಟ ಗಾಯವೆಲ್ಲ ಮಾಯವಾಗಿ ಚೆಲುವೆಯಾಗುತ್ತಾಳೆ. ಸುಟ್ಟ ಮುಖದಲ್ಲೇ ಅವಳು ಗೆದ್ದಿದ್ದಳಲ್ಲ, ಮತ್ತೆ ತೊಳೆಯಬೇಕಾದದ್ದು ಏನಿತ್ತು?

ಇಲ್ಲಿಗೆ ಬಂದಾಗ ನಮಗೆ ಎಲ್ಲ ಸಿಂಡ್ರೆಲಾರ ಗುಟ್ಟು ತಿಳಿಯುತ್ತದೆ. ಪೆರೋನ ಹುಡುಗಿ ಒಳ್ಳೇ ಮನೆತನದವಳು. ಯೆ-ಶೆನ್ ಗವಿಜನರ ನಾಯಕನ ಮಗಳು. ಬೂದಿಯಲ್ಲಿ ಕೂತವಳು ಬೂದಿಯಲ್ಲೇ ಹುಟ್ಟಿದವಳಲ್ಲ. ಮೇಲಿದ್ದವಳು ಅನ್ಯಾಯದಿಂದ ಕೆಳಗೆ ಬಿದ್ದಳು, ಅದಕ್ಕೇ ಕಥೆ ಕಣ್ಣೀರು ಹಾಕಿ ಅವಳನ್ನು ಮೇಲಕ್ಕೆತ್ತುತ್ತದೆ. ಆ ಮನೆಯಲ್ಲಿ ಮೊದಲಿಂದಲೂ ಕಸಮುಸುರೆ ಮಾಡಿಕೊಂಡಿದ್ದ ನಿಜವಾದ ಕೆಲಸದವಳಿಗೆ ಯಾವ ರಾಜಕುಮಾರನೂ ಚಪ್ಪಲಿ ಹಿಡಿದು ಬರಲಿಲ್ಲ. ಚಪ್ಪಲಿ ಅಂದೆವಲ್ಲ, ಈ ಕಥೆಯ ದೊಡ್ಡ ಗುರುತೇ ಅದು. ಆದರೆ ಚಪ್ಪಲಿ ಹೊಲಿದವನು ಕಥೆಯಲ್ಲಿ ಇಲ್ಲವೇ ಇಲ್ಲ. ಅದಕ್ಕೇ ಇರಬೇಕು ಗಾಜಿನದು, ಚಿನ್ನದ್ದು ಅಂದದ್ದು. ಚರ್ಮದ್ದು ಅಂದಿದ್ದರೆ ಒಂದು ಕೇರಿಯನ್ನೇ ಕಥೆಯೊಳಗೆ ಬಿಟ್ಟುಕೊಳ್ಳಬೇಕಾಗುತ್ತಿತ್ತು. ಮೇಲ್ಜಾತಿಯವರ ಬೀದಿಯಲ್ಲಿ ಮೆಟ್ಟು ಕಳಚಿ ಕೈಲಿ ಹಿಡಿದು ನಡೆದ ತಾತಂದಿರ ಮೊಮ್ಮಕ್ಕಳಿಗೆ ಚಪ್ಪಲಿಯ ಕಥೆ ಹೇಳುವಾಗ ಮೇಷ್ಟ್ರಿಗೆ ಇಷ್ಟಾದರೂ ಎಚ್ಚರ ಇರಬೇಕು.

ಈಗ ನಮ್ಮ ಕನ್ನಡದ ಹಂಚಿಗೆ ಬರೋಣ. ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿ ಸೀಮೆಯಲ್ಲಿ ಮೇಷ್ಟ್ರಾಗಿದ್ದಾಗ ಕಿತ್ತೂರು ಕಡೆ ಕೇಳಿ ಬರೆದುಕೊಂಡ ಕಥೆ. 1982ರಲ್ಲಿ ಅಮೆರಿಕದ ಅಲನ್ ಡಂಡೆಸ್ ಸಿಂಡ್ರೆಲಾ ಬಗ್ಗೆ ತಂದ ದೊಡ್ಡ ಪುಸ್ತಕದಲ್ಲಿ ಇದು ಸೇರಿ ಲೋಕಕ್ಕೆಲ್ಲ ಗೊತ್ತಾಯಿತು. ಹುಡುಗಿಗೆ ಚಿನ್ನದ ಕೂದಲು. ಅದನ್ನು ಕಂಡ ಒಡಹುಟ್ಟಿದ ಅಣ್ಣನೇ ಅವಳನ್ನು ಮದುವೆಯಾಗುತ್ತೇನೆ ಅಂತ ಹಟ ಹಿಡಿಯುತ್ತಾನೆ. ತಾಯಿ ಅವನನ್ನು ಮದುವೆ ಸಾಮಾನು ತರಲು ಅಟ್ಟಿ, ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಕಟ್ಟಿ ಊರು ಬಿಡಿಸುತ್ತಾಳೆ. ಮುಖ ಹಂಚಿನ ಹಾಗಿದ್ದುದಕ್ಕೆ ಹಂಚಿ ಅಂತಲೇ ಹೆಸರಾಯಿತು. ಹಂಚಿ ಒಬ್ಬ ಸಾಹುಕಾರನ ಮನೆಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅವಳ ಕೈಯ ಸಿಹಿ ಅನ್ನದ ರುಚಿ ಮನೆಗೆಲ್ಲ ಹಿಡಿಸುತ್ತದೆ. ಒಂದು ದಿನ ಯಾರೂ ಇಲ್ಲವೆಂದು ಮುಖವಾಡ ತೆಗೆದು ಎಣ್ಣೆನೀರು ಹಾಕಿಕೊಳ್ಳುವಾಗ ಸಾಹುಕಾರನ ಕಿರಿಮಗ ಕಾಣುತ್ತಾನೆ, ಮದುವೆಯಾಗುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ, ನಡುಮಧ್ಯಕ್ಕೆ ಬಂದಿರುತ್ತದೆ ಅಷ್ಟೆ. ಆ ಮನೆಯ ಗುರುಸ್ವಾಮಿ ಅವಳ ಮೇಲೆ ಕಣ್ಣು ಹಾಕಿ, ಮಂತ್ರ ತಂತ್ರ ಮಾಡಿ ಸೋತು, ಕೊನೆಗೆ ನಡತೆಗೆಟ್ಟವಳು ಅಂತ ಅಪವಾದ ಹೊರಿಸುತ್ತಾನೆ. ಅವಳನ್ನು ಪೆಟ್ಟಿಗೆಯಲ್ಲಿ ಹಾಕಿ ಸಾಗಿಸುತ್ತಾರೆ. ಒಬ್ಬಳು ಮುದುಕಿ ಪೆಟ್ಟಿಗೆ ತೆಗೆದು ಹಂಚಿಯನ್ನು ಬಿಡಿಸಿ, ಒಳಗೆ ಹುಚ್ಚುನಾಯಿ ಕೂರಿಸುತ್ತಾಳೆ. ಗುರುಸ್ವಾಮಿಗೆ ತಕ್ಕ ಶಾಸ್ತಿ. ಗಂಡನ ಮನೆಯವರಿಗೆ ಹಂಚಿ ಬದುಕಿದ್ದಾಳೆ ಅಂತ ಗೊತ್ತಾಗುವುದು ಚಪ್ಪಲಿಯಿಂದಲ್ಲ, ಅವಳ ಕೈರುಚಿಯಿಂದ.

ಇದು ಹೆಂಗಸರು ಹೆಂಗಸರಿಗೆ ಹೇಳಿದ ಕಥೆ. ಅಣ್ಣನಿಂದಲೂ ಅಪಾಯ, ಸ್ವಾಮಿಯಿಂದಲೂ ಅಪಾಯ, ಮದುವೆಯೂ ಭದ್ರವಲ್ಲ ಎಂಬ ತಿಳಿವಳಿಕೆ ಅದರ ಮೂಳೆಯಲ್ಲಿದೆ. ಶಾಲೆಗೆ ತರುವಾಗ ಸಭ್ಯರು ಮೊದಲು ಕತ್ತರಿಸುವುದು ಇದನ್ನೇ. ಅಣ್ಣನ ಮಾತು ಆರು ವರ್ಷದ ಮಗುವಿಗೆ ಹೇಗೆ ಹೇಳಬೇಕು ಎಂಬ ಕಷ್ಟ ನಮಗೂ ಅರ್ಥವಾಗುತ್ತದೆ. ಆದರೆ ಗುರುಸ್ವಾಮಿಯನ್ನು ಯಾಕೆ ತೆಗೆಯಬೇಕು? ಅಜ್ಜಿಯಂದಿರು ಇಂಥ ಕಥೆ ಹೇಳುವಾಗ ಮಕ್ಕಳನ್ನು ಹೊರಗೆ ಕಳಿಸುತ್ತಿರಲಿಲ್ಲ. ಹೊಟ್ಟೆಬಾಕ, ಕಪಟಿ ಸ್ವಾಮಿಗೆ ನಾಯಿ ಕಚ್ಚಿದಾಗ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಸ್ವಾಮಿ ಅಂದರೆ ಕಾಲಿಗೆ ಬೀಳಲೇಬೇಕಾದವನಲ್ಲ ಎಂಬ ಪಾಠ ಆ ನಗುವಿನಲ್ಲೇ ಆಗುತ್ತದೆ.

ನಾವು ಇದನ್ನು ನಮ್ಮ ಕಡೆಯ ಒಂದು ಸಣ್ಣ ಶಾಲೆಯಲ್ಲಿ ಹೇಳಿದೆವು. ನಲಿ-ಕಲಿ ಕೋಣೆ, ಮೂರು ತರಗತಿಯ ಮಕ್ಕಳೂ ಒಟ್ಟಿಗೆ ಕೂತಿದ್ದವು. ಹಂಚಿ ಸಾಹುಕಾರನ ಅಡಿಗೆಮನೆ ಹೊಕ್ಕ ಕೂಡಲೇ ಮೂರನೇ ಕ್ಲಾಸಿನ ಹುಡುಗಿ ಕೈಯೆತ್ತಿದಳು.

'ಸಾ, ಅವ್ಳು ಯಾರ ಪೈಕಿ?'

'ಗೊತ್ತಿಲ್ಲ ಕಣವ್ವ. ಯಾಕೆ?'

'ಗೊತ್ತಿಲ್ದೆ ಅಡಿಗೆಮನೆ ಒಳಕ್ಕೆ ಹೆಂಗ್ ಬುಟ್ರು ಸಾ?'

ಅಮೆರಿಕದ, ಚೀನಾದ, ಫ್ರಾನ್ಸಿನ ಮಕ್ಕಳು ಈ ಪ್ರಶ್ನೆ ಕೇಳುತ್ತಿರಲಿಲ್ಲ. ಹಂಚಿಯ ಬಗ್ಗೆ ಪಂಡಿತರು ಬರೆದದ್ದರಲ್ಲಿ ನಾವು ಓದಿದಷ್ಟರಲ್ಲೂ ಈ ಪ್ರಶ್ನೆ ಇಲ್ಲ. ಆದರೆ ನಮ್ಮ ದೇಶದ ವಿಮರ್ಶೆ ಶುರುವಾಗಬೇಕಾದದ್ದೇ ಅಲ್ಲಿಂದ. ಹೆಸರಿಲ್ಲ, ಊರಿಲ್ಲ, ಮುಖ ಮಣ್ಣು. ಅಂಥವಳನ್ನು ಸಾಹುಕಾರರು ಹಟ್ಟಿ ಗುಡಿಸಲು ಹಚ್ಚಬಹುದು, ಸಗಣಿ ಬಾಚಲು ಹಚ್ಚಬಹುದು, ಅನ್ನದ ತಪ್ಪಲೆ ಮುಟ್ಟಲು ಬಿಡುತ್ತಾರೆಯೇ? ಕಥೆ ಆ ಮಾತನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ಯಾಕೆಂದರೆ ಮುಖವಾಡದ ಒಳಗೆ ಚಿನ್ನದ ಕೂದಲಿದೆ ಅಂತ ಕೇಳುವವರಿಗೆ ಮೊದಲೇ ಗೊತ್ತು. ಅವಳು ನಮ್ಮವಳೇ ಎಂಬ ಭರವಸೆ ಸಿಕ್ಕಮೇಲೆ ಅವಳ ಕೈ ಊಟ ರುಚಿಯಾಗುತ್ತದೆ.

ಆ ಹುಡುಗಿ ಇದನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ. ಬಿಸಿಯೂಟದ ತಟ್ಟೆ ಹಿಡಿದು ಕಲಿತವಳು. ಸುಪ್ರೀಂ ಕೋರ್ಟು 2001ರಲ್ಲಿ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಿ ಅಂತ ಆಜ್ಞೆ ಮಾಡಿತು. 2002ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. 2004ರಲ್ಲಿ ಅದೇ ಕೋರ್ಟು ಅಡಿಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಅಂದಿತು. ಆಮೇಲೂ ದಲಿತ ಹೆಂಗಸು ಅಡಿಗೆ ಮಾಡಿದಳು ಅಂತ ಮಕ್ಕಳನ್ನು ಊಟಕ್ಕೆ ಕಳಿಸದ ಊರುಗಳ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ. ಹಂಚಿಯ ಅನ್ನ ಉಂಡ ಸಾಹುಕಾರನ ಕಥೆಯನ್ನು ಇಂಥ ಶಾಲೆಯಲ್ಲಿ ಹೇಳುವುದು ಸುಮ್ಮನೆ ಜಾನಪದ ಪ್ರೀತಿಯಲ್ಲ. ಮೇಷ್ಟ್ರಿಗೆ ಎದೆ ಬೇಕು.

ಹಾಗಾದರೆ ಬೂದಿಯಲ್ಲೇ ಹುಟ್ಟಿದವರ ಕಥೆ ಇಲ್ಲವೇ? ಇದೆ. ನಮ್ಮ ಚಾಮರಾಜನಗರ, ಮಂಡ್ಯ, ಮೈಸೂರು ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಕೇಳಿ. ಕಲ್ಯಾಣಕ್ಕೆ ಮಂಟೇದಯ್ಯ ಬರುವುದು ಅಸಹ್ಯ ಹುಟ್ಟಿಸುವ ವೇಷದಲ್ಲಿ, ಕಂಡ ಹೆಂಡದ ವಾಸನೆ ಹೊತ್ತು. ಜಂಗಮರು ಬಾಗಿಲಲ್ಲೇ ತಡೆದು ಹೊಡೆದೋಡಿಸುತ್ತಾರೆ. ಇಲ್ಲಿಯೂ ವೇಷವಿದೆ, ಗುರುತು ಹಿಡಿಯುವ ಪರೀಕ್ಷೆಯಿದೆ. ಆದರೆ ಪರೀಕ್ಷೆ ನಡೆಯುವುದು ಬಂದವನಿಗಲ್ಲ, ಬಾಗಿಲು ಕಾಯುವವರಿಗೆ. ಮೈ ತೊಳೆದುಕೊಂಡು ಬಾ, ಆಮೇಲೆ ಒಳಗೆ ಬಿಡ್ತೀವಿ ಅಂದವರೇ ಈ ಕಥೆಯಲ್ಲಿ ಫೇಲಾಗುವುದು. ಸಿಂಡ್ರೆಲಾ, ಹಂಚಿ ಇವರ ಪಕ್ಕದಲ್ಲಿ ಈ ತುಣುಕನ್ನೂ ಇಟ್ಟು ಹೇಳಿದರೆ ಆರು ವರ್ಷದ ಮಗುವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲವೇ? ಬಾಗಿಲಲ್ಲಿ ನಿಂತ ಅನುಭವ ಅದಕ್ಕೆ ಆಗಲೇ ಇರುತ್ತದೆ.

ಇಷ್ಟೆಲ್ಲ ಬೈದಮೇಲೂ ಹಲವು ಪಾಠಗಳನ್ನು ತರಗತಿಗೆ ತರುವ ಪದ್ಧತಿಯನ್ನು ನಾವು ಬೆಂಬಲಿಸುತ್ತೇವೆ. ಕಾರಣ ಕಿಟಕಿ ಕನ್ನಡಿಗಿಂತ ಸರಳವಾದದ್ದು. ಒಂದೇ ಕಥೆಯನ್ನು ಎರಡು ಥರ ಕೇಳಿದ ಮಗು ಕಥೆಯನ್ನು ಬದಲಾಯಿಸಬಹುದು ಅಂತ ಕಲಿಯುತ್ತದೆ. ವೇದ ಕೇಳಿದವನ ಕಿವಿಗೆ ಸೀಸ ಹೊಯ್ಯಿರಿ ಅಂತ ಬರೆದಿಟ್ಟ ನಾಡಿನಲ್ಲಿ ಇದು ಚಿಕ್ಕ ಕಲಿಕೆಯಲ್ಲ. ಪುಸ್ತಕದ್ದು ತಿದ್ದಬಾರದ ಮಾತು, ಅಜ್ಜಿಯದು ತಿದ್ದಬಹುದಾದ ಮಾತು. ಅಧಿಕಾರಕ್ಕೆ ಇದು ಚೆನ್ನಾಗಿ ಗೊತ್ತು. ಅದೇ ರಾಮಾನುಜನ್ ರಾಮಾಯಣ ಒಂದಲ್ಲ, ಹಲವು ಅಂತ ಬರೆದ ಲೇಖನವನ್ನು 2011ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಪಠ್ಯದಿಂದ ಕಿತ್ತುಹಾಕಿತು. ಹಂಚಿಯನ್ನು ಬಿಟ್ಟುಕೊಳ್ಳುತ್ತಾರೆ, ರಾಮನ ಬಳಿ ಬಂದಾಗ ಪಾಠಾಂತರ ಅಪರಾಧವಾಗುತ್ತದೆ. ನಮ್ಮ ಪುಣ್ಯಕೋಟಿಯನ್ನೇ ನೋಡಿ. ತಲೆಮಾರುಗಳಿಂದ ಶಾಲೆಯಲ್ಲಿ ಕೈಕಟ್ಟಿ ಹಾಡಿಸಿದ್ದಾರೆ. ಹುಲಿಯ ಹಸಿವಿನ ಕಡೆಯಿಂದ ಒಂದು ಸಲ ಹೇಳಿ ನೋಡೋಣ ಅಂತ ಯಾವ ಮೇಷ್ಟ್ರಾದರೂ ಮಕ್ಕಳನ್ನು ಕೇಳಿದ್ದಾರೆಯೇ? ಕೇಳಿದರೆ ಊರೊಳಗೆ ಉಳಿಯುತ್ತಾರೆಯೇ?

ನಲಿ-ಕಲಿ ಮೊದಲು 1995ರಲ್ಲಿ ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ ಹುಟ್ಟಿದ್ದು. 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿತು. ಅದರಲ್ಲಿ ಹಾಡು ಕಥೆಗೆ ಜಾಗವಿದೆ. ಆದರೆ ಆ ಕಥೆ ಕಾರ್ಡಿನ ಮೇಲೆ ಬಂದಾಗ ಬೆಂಗಳೂರಿನ ಶುದ್ಧ ಕನ್ನಡ ಮಾತಾಡುತ್ತದೆ. ಕಾಡಂಚಿನ ಮಗುವಿನ ಬಾಯಿ ಅಲ್ಲೇ ಅರ್ಧ ಮುಚ್ಚುತ್ತದೆ. ನೆರೆಯವರು ಸ್ವಲ್ಪ ಮುಂದಿದ್ದಾರೆ. 2008ರಲ್ಲಿ ಹೈದರಾಬಾದಿನ ಅನ್ವೇಷಿ ಸಂಸ್ಥೆಯವರು ಅಂಚಿನ ಜನರ ಮಕ್ಕಳ ಕಥೆಗಳ ಒಂದು ಮಾಲೆ ತಂದರು, ತೆಲುಗಿನಲ್ಲಿ, ಮಲೆಯಾಳದಲ್ಲಿ, ಇಂಗ್ಲಿಷಿನಲ್ಲಿ. ಅದರಲ್ಲಿ ಮಹಮ್ಮದ್ ಖದೀರ್ ಬಾಬು ತಲೆಮಾಂಸದ ಸಾರಿನ ಬಗ್ಗೆ ಬರೆದಿದ್ದಾರೆ, ಗೋಗು ಶ್ಯಾಮಲ ಕೇರಿಯ ಮಕ್ಕಳ ಬಗ್ಗೆ ಬರೆದಿದ್ದಾರೆ. ತಲೆಮಾಂಸದ ಸಾರು ಮಕ್ಕಳ ಪುಸ್ತಕದಲ್ಲಿ! ಅಷ್ಟಕ್ಕೇ ನಮ್ಮ ಹೊಟ್ಟೆ ತುಂಬಿತು.

ಕೊನೆಗೆ ಓದುಗರಲ್ಲಿ, ಮುಖ್ಯವಾಗಿ ಹಳ್ಳಿ ಶಾಲೆಯ ಗೆಳೆಯರಲ್ಲಿ ಒಂದು ಕೆಲಸದ ಮಾತು. ಹಂಚಿಯಂಥ ಕಥೆ ನಿಮ್ಮೂರ ಕೇರಿಯಲ್ಲಿ, ಹಾಡಿಯಲ್ಲಿ, ತಾಂಡಾದಲ್ಲಿ ಹೇಳುವವರು ಇದ್ದೇ ಇರುತ್ತಾರೆ. ಅವರನ್ನು ಒಂದು ದಿನ ತರಗತಿಗೆ ಕರೆಯಿರಿ, ಕುರ್ಚಿ ಹಾಕಿ ಕೂರಿಸಿ, ಮಕ್ಕಳ ಎದುರು ಹೇಳಿಸಿ. ಅಡಿಗೆಮನೆಗೆ ಬಿಟ್ಟವರು ಯಾರು, ಬಿಡದವರು ಯಾರು, ಮಕ್ಕಳು ಎಲ್ಲಿ ತಡೆದು ಏನು ಕೇಳಿದರು ಅನ್ನುವುದನ್ನೂ ಬರೆದುಕೊಳ್ಳಿ. ಹೇಳಿದವರು ಒಪ್ಪಿದರೆ ಅವರ ಹೆಸರು ಮೇಲೆ ಇರಲಿ, ನಿಮ್ಮದು ಕೆಳಗೆ. 'ಬುಟ್ರು' ಅಂದಿದ್ದನ್ನು 'ಬಿಟ್ಟರು' ಅಂತ ತಿದ್ದಬೇಡಿ. ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಪುಟ ಸಾಲದೆ ಹೋದರೆ ಪದ್ಯಗಳನ್ನು ಕಡಿಮೆ ಮಾಡಿ ಜಾಗ ಮಾಡುತ್ತೇವೆ, ನಮ್ಮ ಪದ್ಯವನ್ನೇ ಮೊದಲು ತೆಗೆಯುತ್ತೇವೆ.